ಹಿನ್ನೀರಿನ ಮೀನುಗಾರರಿಗೂ ಗಾಳಿಯ ಮುನ್ಸೂಚನೆ ಬೇಕು

ಮಾನ್ಯ ಸಂಪಾದಕರೇ,

ದೀಪಾವಳಿಯ ಆಸುಪಾಸಿನಲ್ಲಿ ಜಿಲ್ಲಾ ಪುಟದ ಮೂಲೆಯಲ್ಲಿ ನಾಲ್ಕು ಸಾಲಿನ ಸುದ್ದಿಯೊಂದು ಆಗಾಗ ಕಾಣುತ್ತದೆ: ‘ತೆಪ್ಪ ಮಗುಚಿ ಮೀನುಗಾರ ಸಾವು’. ಸಂಜೆ ಬಿರುಗಾಳಿ ಬೀಸಿತು, ತೆಪ್ಪ ಮಗುಚಿತು, ಮರುದಿನ ಶವ ಸಿಕ್ಕಿತು. ಅಷ್ಟಕ್ಕೆ ಸುದ್ದಿ ಮುಗಿಯುತ್ತದೆ. ಮೋಡ ಕಟ್ಟಿದ್ದು ಕಣ್ಣಿಗೆ ಕಾಣುತ್ತಿದ್ದರೂ ಆತ ನಡುನೀರಿನಲ್ಲಿ ಏಕಿದ್ದ ಎಂದು ಯಾರೂ ಕೇಳುವುದಿಲ್ಲ. ಹಿನ್ನೀರಿನ ದಡದ ಊರುಗಳಲ್ಲಿ ಇದಕ್ಕೆ ಉತ್ತರ ಗೊತ್ತು. ಆತ ಬಹಳ ಸಲ ಮೀನಿಗಾಗಿ ಹೋಗಿರುವುದಿಲ್ಲ. ಮೊದಲೇ ಬಿಟ್ಟಿದ್ದ ಬಲೆ ಗಾಳಿಗೆ ಹರಿದುಹೋದೀತು ಎಂದು ಅದನ್ನು ಎತ್ತಿಕೊಂಡು ಬರಲು ಹೋಗಿರುತ್ತಾನೆ. ಬಲೆ ಸಾಲದ್ದು, ಬಹಳ ಸಲ ಮೀನು ಕೊಳ್ಳುವವನೇ ಮುಂಗಡ ಕೊಟ್ಟು ತೆಗೆಸಿಕೊಟ್ಟದ್ದು. ಬಲೆ ಹೋದರೆ ಸಾಲ ಉಳಿಯುತ್ತದೆ, ದುಡಿಮೆ ನಿಲ್ಲುತ್ತದೆ. ಹಾಗಾಗಿ ‘ಮಳೆ ಬರುವಾಗ ನೀರಿಗಿಳಿಯಬೇಡಿ’ ಎಂಬ ಒಂದು ಸಾಲಿನ ಬುದ್ಧಿಮಾತು ಸಾಲದು. ಬಲೆಯನ್ನು ನೀರಿನಲ್ಲೇ ಬಿಟ್ಟು ನಿಶ್ಚಿಂತೆಯಿಂದ ಮನೆಗೆ ಬರುವ ದಾರಿ ಬೇಕು. ಅದರಲ್ಲಿ ಅರ್ಧ ಮೀನುಗಾರರ ಕೈಯಲ್ಲಿದೆ, ಉಳಿದದ್ದರಲ್ಲಿ ಹೆಚ್ಚಿನದು ಸರ್ಕಾರದ ಕೈಯಲ್ಲಿ, ಒಂದು ಸಣ್ಣ ಪಾಲು ನಿಮ್ಮ ಪತ್ರಿಕೆಯ ಕೈಯಲ್ಲೂ ಇದೆ. ಈ ಪತ್ರ ಅದರ ಬಗ್ಗೆ.

ಚಿತ್ತಾ ಮಳೆ ಮುಗಿದು ಸ್ವಾತಿ ಹುಟ್ಟುವ ಅಕ್ಟೋಬರ್ ಕೊನೆಯಿಂದ ಅನುರಾಧ ಮುಗಿಯುವ ಡಿಸೆಂಬರ್ ಮೊದಲ ವಾರದವರೆಗಿನ ಸುಮಾರು 40 ದಿನ ಒಳನಾಡಿನ ಮೀನುಗಾರಿಕೆಗೆ ಒಳ್ಳೆಯ ಕಾಲ. ಮುಂಗಾರಿನಲ್ಲಿ ತುಂಬಿದ ಜಲಾಶಯಗಳು ಇನ್ನೂ ಮೈದುಂಬಿಕೊಂಡಿರುತ್ತವೆ. ಕೆಂಪು ನೀರು ತಿಳಿಯಾಗಿರುತ್ತದೆ. ಕಾಟ್ಲಾ, ರೋಹು, ಮೃಗಾಲ್ ಮೊಟ್ಟೆಯಿಟ್ಟು ಮುಗಿಸಿ ಮೇಯಲು ತೊಡಗಿರುತ್ತವೆ. ಮಾರುಕಟ್ಟೆಗೆ ಸಾಗಿಸುವಾಗ ಬೇಸಿಗೆಯಂತೆ ಮಂಜುಗಡ್ಡೆ ಬೇಗ ಕರಗುವುದಿಲ್ಲ. ಆದರೆ ಹಿಂಗಾರಿನ ಗುಡುಗು ಮಳೆಯೂ ಬಂಗಾಳ ಕೊಲ್ಲಿಯ ಚಂಡಮಾರುತಗಳೂ ಬರುವುದು ಇದೇ 40 ದಿನಗಳಲ್ಲಿ. 2021ರ ನವೆಂಬರ್ ಮಳೆ ದಕ್ಷಿಣ ಒಳನಾಡಿನ ಕೆರೆಗಳನ್ನೆಲ್ಲ ಕೋಡಿ ಹರಿಸಿತ್ತು. 2024ರ ನವೆಂಬರ್ 30ರಂದು ಪುದುಚೇರಿಯ ಬಳಿ ನೆಲಕ್ಕೆ ಬಂದ ಫೆಂಗಲ್ ಚಂಡಮಾರುತದ ಮಳೆ ಡಿಸೆಂಬರ್ ಮೊದಲ ದಿನಗಳಲ್ಲಿ ಕೋಲಾರದಿಂದ ಮೈಸೂರು, ಚಾಮರಾಜನಗರದವರೆಗೂ ಸುರಿಯಿತು.

ಇವೆರಡೂ ಬೇರೆ ಬೇರೆ ಬಗೆಯ ಅಪಾಯ. ಚಂಡಮಾರುತದ ಸುದ್ದಿ ಎರಡು-ಮೂರು ದಿನ ಮೊದಲೇ ಬರುತ್ತದೆ. ನಮ್ಮ ಒಳನಾಡಿಗೆ ತಲುಪುವ ಹೊತ್ತಿಗೆ ಅದರ ಗಾಳಿಯ ಜೋರು ಬಹಳ ಮಟ್ಟಿಗೆ ತಗ್ಗಿ ಜಡಿಮಳೆ ಉಳಿದಿರುತ್ತದೆ. ಜೀವ ತೆಗೆಯುವುದು ಹೆಚ್ಚಾಗಿ ಗುಡುಗು ಮಳೆಯ ಮುಂಚೂಣಿ ಗಾಳಿ. ಮಧ್ಯಾಹ್ನದವರೆಗೆ ಬಿಸಿಲು, ನೀರು ಕನ್ನಡಿಯಂತೆ. ಮೂರು ಗಂಟೆಯ ಮೇಲೆ ಮೂಡಣದಲ್ಲಿ ಕಾರ್ಮೋಡ ಎದ್ದು ಅದರ ನೆತ್ತಿ ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾಗಿ ಹರಡುತ್ತದೆ. ಮಳೆ ಇನ್ನೂ ದೂರದಲ್ಲಿರುವಾಗಲೇ ಮೋಡದೊಳಗಿಂದ ಕುಸಿದ ತಣ್ಣನೆ ಗಾಳಿ ನೆಲಕ್ಕೆ ಬಡಿದು ನಾಲ್ಕೂ ಕಡೆ ನುಗ್ಗುತ್ತದೆ. ಸೆಕೆಯ ನಡುವೆ ಒಮ್ಮೆಲೇ ತಂಪು ಗಾಳಿ ಮುಖಕ್ಕೆ ಹೊಡೆಯಿತೆಂದರೆ ಸಮಯ ಮುಗಿದಂತೆ. ಹವಾಮಾನ ಇಲಾಖೆಯ ಪ್ರಕಟಣೆಯಲ್ಲಿ ‘ಗಂಟೆಗೆ 30ರಿಂದ 40 ಕಿ.ಮೀ. ವೇಗದ ಗಾಳಿ’ ಎಂದು ಬರುವುದನ್ನು ಊರೊಳಗಿನವರು ಗಮನಿಸುವುದೂ ಇಲ್ಲ. ಅಂಥ ಗಾಳಿಗೆ ತೆಂಗಿನ ಗರಿ ತೂಗಾಡುತ್ತದೆ, ಅಷ್ಟೇ. ನೀರಿನ ಮೇಲೆ ಲೆಕ್ಕವೇ ಬೇರೆ. ಎದುರು ದಡ ಐದು ಕಿ.ಮೀ. ದೂರವಿರುವ ಜಾಗದಲ್ಲಿ ಗಂಟೆಗೆ 40 ಕಿ.ಮೀ. ಗಾಳಿ ಒಂದು ತಾಸು ಬೀಸಿದರೆ ಈಚೆ ದಡದಲ್ಲಿ ಸುಮಾರು ಅರ್ಧ ಮೀಟರ್ ಎತ್ತರದ ಅಲೆ ಏಳುತ್ತದೆ. ಇಬ್ಬರು ಆಳು ಮತ್ತು ಬಲೆ ಹೊತ್ತ ಹರಿಗೋಲಿನ ಅಂಚು ನೀರಿನಿಂದ ಮೇಲೆ ಉಳಿದಿರುವುದು ಹೆಚ್ಚೆಂದರೆ ಒಂದೂವರೆ ಗೇಣು.

ತುಂಗಭದ್ರಾ ಹಿನ್ನೀರಿನಲ್ಲಿ ಇದರ ಜೊತೆಗೆ ಜಾಗದ ತೊಂದರೆಯೂ ಸೇರಿಕೊಂಡಿದೆ. ಇಲ್ಲಿ ನದಿ ನೈಋತ್ಯದಿಂದ ಈಶಾನ್ಯಕ್ಕೆ ಹರಿಯುತ್ತದೆ. 1953ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು ಹೊಸಪೇಟೆಯ ಬಳಿ, ಹಿನ್ನೀರಿನ ಈಶಾನ್ಯ ತುದಿಯಲ್ಲಿದೆ. 1633 ಅಡಿಗೆ ತುಂಬಿದಾಗ ನೀರು ಸುಮಾರು 378 ಚದರ ಕಿ.ಮೀ. ಹರಡಿಕೊಳ್ಳುತ್ತದೆ. ಹಿಂಗಾರಿನ ಗಾಳಿಯೂ ಈಶಾನ್ಯದ್ದೇ. ಅಂದರೆ ಗಾಳಿ ಹಿನ್ನೀರಿನ ಉದ್ದಕ್ಕೂ ಅಡೆತಡೆಯಿಲ್ಲದೆ ಓಡಿಬಂದು ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಕಡೆಯ ದಡಗಳಿಗೆ ಅಲೆ ತಂದು ಬಡಿಯುತ್ತದೆ. ಎರಡು-ಮೂರು ದಿನ ಮೂಡಣ ಗಾಳಿ ಹಿಡಿದರೆ ನೀರಿನ ಮೇಲ್ಪದರದ ಸೂಕ್ಷ್ಮಜೀವಿಗಳೂ ಅದೇ ದಡಗಳತ್ತ ತೇಲಿಹೋಗುತ್ತವೆ, ಅವನ್ನು ಮೇಯುವ ಕಾಟ್ಲಾ ಮೀನು ಹಿಂದೆಯೇ ಹೋಗುತ್ತದೆ. ಮೀನು ಹೆಚ್ಚು ಇರುವ ಜಾಗವೂ ಅಲೆ ಹೆಚ್ಚು ಇರುವ ಜಾಗವೂ ಒಂದೇ ಆಗುವುದು ಹೀಗೆ. ಮೀನುಗಾರ ಅಲ್ಲಿಗೆ ಹೋಗುವುದನ್ನು ಬರೀ ದುರಾಸೆ ಎಂದು ತಳ್ಳಿಹಾಕುವುದು ಸರಿಯಲ್ಲ. ಆ ವಾರದ ಕೂಲಿ ಅಲ್ಲೇ ಇರುತ್ತದೆ.

ಇನ್ನು ಹರಿಗೋಲು. ಬಿದಿರಿನ ದಬ್ಬೆಯ ಹೆಣಿಗೆಗೆ ಹಿಂದೆ ಚರ್ಮ ಹೊದಿಸುತ್ತಿದ್ದರು, ಈಗ ತಾಡಪಾಲು ಅಥವಾ ಪ್ಲಾಸ್ಟಿಕ್ ಗೋಣಿ ಹೊದಿಸಿ ಡಾಂಬರು ಬಳಿಯುತ್ತಾರೆ. ಆನೆಗುಂದಿಯ ಬಳಿ ಜನ ಬುಟ್ಟಿಯಂಥ ದುಂಡು ದೋಣಿಯಲ್ಲಿ ಹೊಳೆ ದಾಟುತ್ತಿದ್ದುದನ್ನು ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿಯೊಬ್ಬ 500 ವರ್ಷದ ಹಿಂದೆಯೇ ಬರೆದಿಟ್ಟಿದ್ದಾನೆ. ಹೊಳೆಗೆ ಅದು ಹೇಳಿ ಮಾಡಿಸಿದ್ದು. ಬಂಡೆಗೆ ತಾಗಿದರೆ ಒಡೆಯುವುದಿಲ್ಲ, ಒಂದು ಮೊಳ ನೀರಿದ್ದರೂ ಸಾಗುತ್ತದೆ, ಒಬ್ಬನೇ ತಲೆಯ ಮೇಲೆ ಹೊತ್ತೊಯ್ಯಬಹುದು. ಆದರೆ ಅದಕ್ಕೆ ಮುಂದು-ಹಿಂದು ಇಲ್ಲ, ಅಡಿಯಲ್ಲಿ ನೀರನ್ನು ಹಿಡಿದುಕೊಳ್ಳುವ ಏಣು, ಅಂದರೆ ಉದ್ದನೆಯ ಅಂಚು, ಇಲ್ಲ. ಗಾಳಿ ತಳ್ಳಿದತ್ತ ಜಾರುತ್ತದೆ, ಅಲೆ ತಿರುಗಿಸಿದತ್ತ ತಿರುಗುತ್ತದೆ. ಒಳಗೆ ನೀರು ಬಂದರಂತೂ ಬಹಳ ಬೇಗ ಕೈಮೀರುತ್ತದೆ. ತಳದ ಅಗಲ ಆರು ಅಡಿ ಇರುವ ಹರಿಗೋಲಿನಲ್ಲಿ ಒಂದು ಅಂಗುಲ ನೀರು ನಿಂತಿತೆಂದರೆ ಅದು ಸುಮಾರು 65 ಲೀಟರ್, ಅಂದರೆ ಇನ್ನೊಬ್ಬ ಆಳಿನ ತೂಕ. ಆ ಆಳು ಒಂದು ಕಡೆ ಕೂರುವುದೂ ಇಲ್ಲ. ಹರಿಗೋಲು ಯಾವ ಕಡೆ ವಾಲಿತೋ ನೀರು ಅದೇ ಕಡೆಗೆ ಓಡಿ ಇನ್ನಷ್ಟು ವಾಲಿಸುತ್ತದೆ. ಎರಡನೆಯ ಅಂಗುಲ ತುಂಬುವ ಮೊದಲೇ ಮೊಗೆದು ಹೊರಹಾಕಬೇಕು. ಆಗ ಚೊಂಬು ಸಾಕಾಗುವುದಿಲ್ಲ. ಐದು ಲೀಟರ್ ಎಣ್ಣೆ ಕ್ಯಾನಿನ ತಳವನ್ನು ಓರೆಯಾಗಿ ಕತ್ತರಿಸಿದರೆ ಒಳ್ಳೆಯ ಮೊಗೆ ಆಗುತ್ತದೆ. ಅದನ್ನು ದಾರದಲ್ಲಿ ಹರಿಗೋಲಿಗೆ ಕಟ್ಟಿರಬೇಕು, ಇಲ್ಲವಾದರೆ ಮೊದಲ ಅಲೆಗೇ ಅದು ತೇಲಿಹೋಗುತ್ತದೆ.

ಮಗುಚುವುದು ಹೇಗೆ ಎಂಬುದನ್ನೂ ಹತ್ತಿರದಿಂದ ನೋಡಬೇಕು. ಬಲೆ ಎತ್ತಲು ಅಂಚಿನ ಮೇಲೆ ಬಾಗಲೇಬೇಕು. ಗಾಳಿಯಲ್ಲಿ ಬಲೆ ಬಿಗಿದುಕೊಂಡಿರುತ್ತದೆ, ಒಬ್ಬನ ಕೈಗೆ ಬಾರದೆ ಇನ್ನೊಬ್ಬನೂ ಅದೇ ಕಡೆಗೆ ಬರುತ್ತಾನೆ. ಇಬ್ಬರ ಭಾರ, ಬಿಗಿದ ಹಗ್ಗದ ಸೆಳೆತ, ಎಲ್ಲವೂ ಒಂದೇ ಅಂಚಿನ ಮೇಲೆ. ಆ ಗಳಿಗೆಗೆ ಬರುವ ಅಲೆಗೆ ಆ ಅಂಚು ಏಳಲಾರದು. ನೀರು ಅದರ ಮೇಲಿಂದಲೇ ಒಳಗೆ ಬರುತ್ತದೆ. ಬಲೆಯ ಹಗ್ಗವನ್ನು ಅಂಚಿಗೆ ಬಿಗಿಯಾಗಿ ಕಟ್ಟಿದ್ದರೂ ಆಗುವುದು ಇದೇ. ಹಾಗಾಗಿ ಹಗ್ಗ ಕಟ್ಟಲೇಬೇಕಾದರೆ ಜಾರುಗಂಟು ಹಾಕಿ, ಒಂದು ತುದಿ ಎಳೆದರೆ ಬಿಚ್ಚಿಕೊಳ್ಳುವಂತಿರಬೇಕು. ಚೂಪಾದ ಚಾಕು ಸೊಂಟದಲ್ಲೋ ಕೊರಳಲ್ಲೋ ಇರಬೇಕು. ಬುಟ್ಟಿಯ ತಳದಲ್ಲಿಟ್ಟ ಚಾಕು ಬೇಕಾದಾಗ ಕೈಗೆ ಸಿಗುವುದಿಲ್ಲ. ನೀರಿಗೆ ಬಿದ್ದವನನ್ನು ಮುಳುಗಿಸುವುದು ಬಹಳ ಸಲ ಬಲೆಯೇ. ಅಂಗಿಯ ಗುಂಡಿ, ಕೈಗಡಿಯಾರದ ಪಟ್ಟಿ, ಕಾಲುಬೆರಳು, ಯಾವುದಕ್ಕೆ ಬೇಕಾದರೂ ಸಣ್ಣೆಳೆಯ ನೈಲಾನ್ ಕಣ್ಣು ಸಿಕ್ಕಿಕೊಳ್ಳುತ್ತದೆ. ಒದ್ದಾಡಿದಷ್ಟೂ ಸುತ್ತಿಕೊಳ್ಳುತ್ತದೆ. ಈ ದಿನಗಳಲ್ಲಿ ಗುಂಡಿಯಿಲ್ಲದ ಬನಿಯನ್ನು, ಮೊಣಕಾಲಿನ ಚಡ್ಡಿ ಲೇಸು. ಲುಂಗಿ ಬೇಡ, ಗಂಬೂಟು ಬೇಡವೇ ಬೇಡ.

ಗಾಳಿ ನಡುನೀರಿನಲ್ಲೇ ಹಿಡಿದುಬಿಟ್ಟರೆ ಅದಕ್ಕೆ ಎದುರಾಗಿ ಹುಟ್ಟು ಹಾಕಿ ದಣಿಯಬಾರದು. ಊರು ಎದುರು ದಡದಲ್ಲಿದ್ದರೂ ಸರಿ, ಗಾಳಿ ಒಯ್ಯುವ ದಿಕ್ಕಿನಲ್ಲಿ ಓರೆಯಾಗಿ ಸಾಗಿ ಸಿಕ್ಕ ದಡ ಸೇರಬೇಕು. ಬಂಡೆ ಇಲ್ಲದ, ಇಳಿಜಾರಾದ ದಡವಾದರೆ ಒಳ್ಳೆಯದು. ಇಬ್ಬರೂ ತಳಕ್ಕೆ ಕುಳಿತುಕೊಳ್ಳಬೇಕು, ಎದುರುಬದುರಾಗಿ. ಅಂಚಿನ ಮೇಲೆ ಕೂರುವುದು, ನಿಂತು ದಾರಿ ನೋಡುವುದು ಆಗ ಸಲ್ಲದು. ಹರಿಗೋಲು ಗಿರಗಿರ ತಿರುಗದಂತೆ ತಡೆಯಲು ಒಂದು ಉಪಾಯವಿದೆ. ಸಿಮೆಂಟ್ ಚೀಲದ ಬಾಯಿಗೆ ಒಂದಡಿ ಅಗಲದ ಬಿದಿರಿನ ಬಳೆ ಹೊಲಿದು, ತಳದಲ್ಲಿ ಎರಡು ಬೆರಳು ಹೋಗುವಷ್ಟು ತೂತು ಬಿಟ್ಟು, ಬಳೆಯ ನಾಲ್ಕು ಕಡೆಯಿಂದ ದಾರ ತಂದು ಒಂದು ಗಂಟಿಗೆ ಸೇರಿಸಿ 12ರಿಂದ 15 ಮೀಟರ್ ಹಗ್ಗ ಕಟ್ಟಿಟ್ಟುಕೊಳ್ಳಬೇಕು. ಗಾಳಿ ಬರುವ ಕಡೆಗೆ ಅದನ್ನು ನೀರಿಗೆ ಬಿಟ್ಟರೆ ಚೀಲ ನೀರು ತುಂಬಿಕೊಂಡು ಹಿಂದಕ್ಕೆ ಜಗ್ಗುತ್ತದೆ. ಹರಿಗೋಲಿನ ಒಂದೇ ಮುಖ ಅಲೆಗೆ ಎದುರಾಗಿ ನಿಲ್ಲುತ್ತದೆ, ಜಾರುವ ವೇಗವೂ ತಗ್ಗುತ್ತದೆ. ತಳಕ್ಕೆ ಕಚ್ಚಿಕೊಳ್ಳದ ಕಾರಣ ಇದು ಬಲೆಯ ಹಗ್ಗದಂತೆ ಅಂಚನ್ನು ಕೆಳಕ್ಕೆ ಸೆಳೆಯುವುದಿಲ್ಲ. ಹಗ್ಗ ಗಿಡ್ಡವಾದರೆ ಚೀಲ ಅಲೆಯಿಂದ ಹೊರಕ್ಕೆ ನೆಗೆಯುತ್ತದೆ, ಕೆಲಸಕ್ಕೆ ಬಾರದು. ಮುಚ್ಚಳ ಬಿಗಿದ 20 ಲೀಟರ್‌ನ ನಾಲ್ಕು ಖಾಲಿ ಕ್ಯಾನುಗಳನ್ನು ಒಳಗಿನ ಅಂಚಿಗೆ ನಾಲ್ಕು ದಿಕ್ಕಿಗೆ ಕಟ್ಟಿದರೆ, ನೀರು ಪೂರ್ತಿ ತುಂಬಿದರೂ 80 ಕೆ.ಜಿ.ಯಷ್ಟು ತೇಲುವ ಬಲ ಉಳಿಯುತ್ತದೆ. ಮಗುಚಿದರೆ ಈಜಿ ದಡ ಸೇರುತ್ತೇನೆಂಬ ಧೈರ್ಯ ಮಾಡಬಾರದು. ಹರಿಗೋಲನ್ನೇ ಹಿಡಿದಿರಬೇಕು. ಅದು ತೇಲುತ್ತದೆ, ದೂರದಿಂದಲೂ ಕಾಣುತ್ತದೆ.

ಜೀವರಕ್ಷಕ ಜಾಕೆಟ್ ತೊಟ್ಟರೆ ಬಲೆ ಎತ್ತಲು ಅಡ್ಡಿ ಎಂಬ ಮಾತಿನಲ್ಲಿ ಹುರುಳಿದೆ. ಪ್ರವಾಸಿ ತಾಣಗಳಲ್ಲಿ ಕೊಡುವ ದಪ್ಪ ಜಾಕೆಟ್ಟಿನ ಬಕಲುಗಳಿಗೆ ಬಲೆ ಸಿಕ್ಕಿಕೊಳ್ಳುತ್ತದೆ. ಕಂಕುಳ ಬಿಡುವಾಗಿರುವ, ಎದೆಗೆ ಜಿಪ್ ಇರುವ ತೆಳು ಜಾಕೆಟ್ ಬೇಕು. ಅದು ಸಿಗುವವರೆಗೆ ಐದು ಲೀಟರ್‌ನ ಎರಡು ಖಾಲಿ ಕ್ಯಾನುಗಳನ್ನು ಒಂದು ಮೊಳ ಹಗ್ಗದಲ್ಲಿ ಜೋಡಿಸಿ ಪಕ್ಕದಲ್ಲಿಟ್ಟುಕೊಳ್ಳಬಹುದು. ಎರಡು ಕಂಕುಳಿಗೆ ಎರಡು ಸಿಕ್ಕಿಸಿಕೊಂಡರೆ ತಲೆ ನೀರಿನ ಮೇಲೆ ನಿಲ್ಲುತ್ತದೆ. ಆದರೆ ಎಚ್ಚರ ತಪ್ಪಿದವನನ್ನು ಅದು ಉಳಿಸಲಾರದು, ಜಾಕೆಟ್ ಉಳಿಸಬಲ್ಲದು.

ಈಗ ಮುಖ್ಯ ವಿಷಯಕ್ಕೆ, ಬಿಟ್ಟು ಬರಬಹುದಾದ ಬಲೆಗೆ. ತಿಳಿ ದಿನಗಳಲ್ಲಿ ಕಿವಿರು ಬಲೆಯನ್ನು (ಮೀನಿನ ಕಿವಿರು ಕಣ್ಣಿಗೆ ಸಿಕ್ಕಿಕೊಳ್ಳುವ ಬಲೆ) ಸಂಜೆ ಐದರ ಸುಮಾರಿಗೆ ಮೇಲ್ನೀರಿನಲ್ಲಿ ತೇಲುವಂತೆ ಬಿಟ್ಟು ಬೆಳಗಿನ ಜಾವ ಎತ್ತುವುದು ವಾಡಿಕೆ. ಎರಡು ತುದಿಗೆ ಎರಡು ಮೂರು ಕೆ.ಜಿ. ಕಲ್ಲು ಸಾಕಾಗುತ್ತದೆ. ಬಿರುಗಾಳಿಗೆ ಸಿಕ್ಕಿ ಹಾಳಾಗುವುದು ಇದೇ ಬಲೆ. ಮೇಲ್ಹಗ್ಗದ ಬೆಂಡುಗಳು ಅಲೆಯೊಂದಿಗೆ ಏರುತ್ತವೆ, ತಳಹಗ್ಗದ ಗುಂಡುಗಳು ಕೆಳಗೆ ಜಗ್ಗುತ್ತವೆ, ನಡುವಿನ ಕಣ್ಣು ಹರಿಯುತ್ತದೆ. ಇಲ್ಲವೇ ಇಡೀ ಬಲೆ ಸುರುಳಿ ಸುತ್ತಿ ಹಗ್ಗವಾಗಿಬಿಡುತ್ತದೆ, ಬಿಡಿಸಲು ಎರಡು ದಿನ ಹಿಡಿಯುತ್ತದೆ. ಗಾಳಿಯ ಸೂಚನೆ ಇರುವ ದಿನ ಬಲೆಯನ್ನು ಮುಳುಗಿಸಿ ಬಿಡಬೇಕು. ಅಲೆಯ ಉದ್ದದ ಅರ್ಧದಷ್ಟು ಆಳಕ್ಕೆ ಹೋದರೆ ಅದರ ಅಲುಗಾಟ ಹೆಚ್ಚುಕಡಿಮೆ ಸತ್ತುಹೋಗಿರುತ್ತದೆ. ಮೇಲೆ ಹೇಳಿದ ಅರ್ಧ ಮೀಟರ್ ಎತ್ತರದ ಅಲೆಯ ಉದ್ದ 10ರಿಂದ 12 ಮೀಟರ್, ಹಾಗಾಗಿ ಐದಾರು ಮೀಟರ್ ಆಳದಲ್ಲಿ ತಳ ಹಿಡಿದು ನಿಂತ ಬಲೆಗೆ ಮೇಲಿನ ರಂಪ ತಟ್ಟುವುದಿಲ್ಲ. ಇದಕ್ಕೆ ಹೊಸ ಬಲೆ ಬೇಕಿಲ್ಲ. ಮೇಲ್ಹಗ್ಗದಲ್ಲಿ ಒಂದು ಬಿಟ್ಟು ಒಂದು ಬೆಂಡು ಬಿಚ್ಚಬೇಕು. ತಳಹಗ್ಗಕ್ಕೆ ಎರಡು ಮೀಟರಿಗೊಂದರಂತೆ ಹೆಚ್ಚುವರಿ ಗುಂಡು ಕಟ್ಟಬೇಕು. ಹಳೆ ಹವಾಯಿ ಚಪ್ಪಲಿ ಕತ್ತರಿಸಿ ಮಾಡಿದ ಬೆಂಡಾದರೆ ಬಿಚ್ಚುವುದೂ ಕಟ್ಟುವುದೂ ಸಲೀಸು. ಥರ್ಮಾಕೋಲು ಆಳದ ಒತ್ತಡಕ್ಕೆ ನೀರು ಕುಡಿದು ಬೇಗ ಕೆಡುತ್ತದೆ.

ತುದಿಯ ಕಲ್ಲು ಹತ್ತು ಕೆ.ಜಿ.ಗೆ ಕಡಿಮೆ ಇರಬಾರದು. ಹತ್ತು ಕೆ.ಜಿ. ಗ್ರಾನೈಟ್ ಕಲ್ಲು ನೀರಿನೊಳಗೆ ತೂಗುವುದು ಆರು ಕೆ.ಜಿ.ಯಷ್ಟೇ ಎಂಬುದನ್ನು ಬಹಳ ಮಂದಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ದುಂಡು ಕಲ್ಲು ಉರುಳುತ್ತದೆ, ಚಪ್ಪಡಿ ಕಲ್ಲು ಅಥವಾ ಮರಳು ತುಂಬಿದ ಚೀಲ ಕೆಸರಿನಲ್ಲಿ ಕೂರುತ್ತದೆ. ಗುರುತಿನ ತೇಲುಬುರುಡೆಯ ಹಗ್ಗ ನೀರಿನ ಆಳದ ಎರಡು ಪಟ್ಟು ಇರಬೇಕು. ಮೇಲಿನ ಜಿಲ್ಲೆಗಳಲ್ಲಿ ಮಳೆಯಾಗಿ ಒಳಹರಿವು ಏರಿದರೆ ನೀರಿನ ಮಟ್ಟ ರಾತ್ರಿ ಬೆಳಗಾಗುವುದರಲ್ಲಿ ಬದಲಾಗುತ್ತದೆ. ಹಗ್ಗ ಗಿಡ್ಡವಾದರೆ ಬುರುಡೆ ಮುಳುಗಿ ಬಲೆ ಎಲ್ಲಿದೆಯೆಂಬುದೇ ತಿಳಿಯದೆ ಹೋಗುತ್ತದೆ. ಬುರುಡೆಗೆ ಕೆಂಪು ಬಟ್ಟೆ ಕಟ್ಟಿ, ಬಣ್ಣದಲ್ಲಿ ಮನೆಯವರ ಗುರುತು ಬರೆದಿರಬೇಕು. ಬಲೆಯನ್ನು ಗಾಳಿಗೆ ಅಡ್ಡಲಾಗಿ ಬಿಡದೆ ಗಾಳಿಯ ದಿಕ್ಕಿಗೇ ಉದ್ದ ಮಾಡಿ ಬಿಟ್ಟರೆ ಹೊಟ್ಟೆ ಉಬ್ಬುವುದು ಕಡಿಮೆ. ಹಳ್ಳ ಬಂದು ಸೇರುವ ಬಾಯಲ್ಲಿ, ಮುಳುಗಿದ ಬಳ್ಳಾರಿ ಜಾಲಿಯ ನಡುವೆ ಬಿಡಬಾರದು. ಹೊಸ ನೀರಿಗೆ ಮೀನು ಹಳ್ಳದ ಬಾಯಿಗೆ ಬರುವುದು ನಿಜ, ಗೆಂಡೆಯೂ ಬಾಳೆ ಮೀನೂ ಕೊಚ್ಚಿಬಂದ ಹುಳಹುಪ್ಪಟೆಗೆ ಅಲ್ಲೇ ಸೇರುತ್ತವೆ. ಆದರೆ ಮೀನಿಗಿಂತ ಮೊದಲು ಸೊಪ್ಪುಸದೆ, ಮುಳ್ಳಿನ ಕೊಂಬೆ ಬಂದು ಬಲೆ ತುಂಬುತ್ತದೆ. ಕೆರೆಗಳಲ್ಲಾದರೆ ಗಾಳಿಗೆ ತೇಲಿಬರುವ ಅಂತರಗಂಗೆಯ ಚಾಪೆ ಬಲೆಯನ್ನಷ್ಟೇ ಅಲ್ಲ, ತೆಪ್ಪವನ್ನೂ ಸುತ್ತುಗಟ್ಟುತ್ತದೆ.

ಹೀಗೆ ಬಿಟ್ಟ ಬಲೆಯಲ್ಲಿ ಮೀನು ಕಡಿಮೆ ಬೀಳಬಹುದು. ಮೇಲ್ನೀರಿನ ಕಾಟ್ಲಾ ತಪ್ಪಿಸಿಕೊಳ್ಳುತ್ತದೆ, ತಳದ ಮೃಗಾಲ್, ಗಿರ್ಲು, ಸಾಮಾನ್ಯ ಗೆಂಡೆ ಸಿಗುತ್ತವೆ. ನೀರು ಕದಡಿದ್ದರೆ ಬಲೆ ಮೀನಿನ ಕಣ್ಣಿಗೆ ಬೀಳದ ಕಾರಣ ನಷ್ಟ ಅಷ್ಟೊಂದಿಲ್ಲ. ಬೆಳಗ್ಗೆ ಗಾಳಿ ನಿಲ್ಲದಿದ್ದರೆ ಇನ್ನೊಂದು ದಿನ ಅಲ್ಲೇ ಇರಲಿ. ಸಿಕ್ಕ ಮೀನು ಕೆಡುತ್ತದೆ, ಬಲೆ ಉಳಿಯುತ್ತದೆ. ಎತ್ತುವಾಗ ಗಾಳಿ ಹೋಗುವ ಕಡೆಯ ತುದಿಯಿಂದ ಶುರುಮಾಡಿ ಗಾಳಿ ಬರುವ ಕಡೆಗೆ ಸಾಗಬೇಕು. ಆಗ ಹರಿಗೋಲು ಎತ್ತಿ ಮುಗಿಸಿದ ಕಡೆಗೇ ಜಾರುತ್ತದೆ. ಉಲ್ಟಾ ಮಾಡಿದರೆ ಗಾಳಿ ಅದನ್ನು ಬಲೆಯ ಮೇಲೆಯೇ ತಳ್ಳಿ ತಳಕ್ಕೆ ಸಿಕ್ಕಿಸುತ್ತದೆ. ಕಿವಿರು ಬೆಳ್ಳಗಾದ, ಕಣ್ಣು ಗುಳಿಬಿದ್ದ ಮೀನನ್ನು ಮಾರಬಾರದು, ನೀರಿಗೂ ಎಸೆಯಬಾರದು. ದಡದಿಂದ ದೂರ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಬೇಕು.

ಸಿಡಿಲಿನ ವಿಷಯದಲ್ಲಿ ಮಾತ್ರ ಉಪಾಯ ಅಂತ ಯಾವುದೂ ಇಲ್ಲ. ನೀರಿನಿಂದ ಹೊರಗಿರುವುದೊಂದೇ ದಾರಿ. ವಿಶಾಲ ನೀರಿನ ಮೇಲೆ ಎಲ್ಲಕ್ಕಿಂತ ಎತ್ತರವಾಗಿರುವುದು ಮನುಷ್ಯನ ತಲೆಯೇ. ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿ.ಮೀ. ಲೆಕ್ಕ. 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಮೋಡ ಹತ್ತು ಕಿ.ಮೀ. ಒಳಗಿದೆ, ಆಗಲೇ ದಡದಲ್ಲಿರಬೇಕಿತ್ತು. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವ ತನಕ ಮತ್ತೆ ಇಳಿಯಬಾರದು. ದಡದಿಂದ ಗಾಳ ಹಾಕುವವರಿಗೂ ಇದು ಅನ್ವಯ. ಈಗ ಹವ್ಯಾಸಿಗಳ ಕೈಗೆ ಬಂದಿರುವ ಕಾರ್ಬನ್ ಫೈಬರ್ ಗಾಳದ ಕೋಲು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ, ಅದನ್ನು ಎತ್ತಿ ಹಿಡಿಯುವುದೆಂದರೆ ಸಿಡಿಲಿಗೆ ಕಂಬ ನೆಟ್ಟಂತೆ. ಒಂಟಿ ಬೇವು, ಹುಣಸೆಯ ಕೆಳಗೆ ನಿಲ್ಲಬೇಡಿ. ಗಟ್ಟಿ ಕಟ್ಟಡ, ಇಲ್ಲವೇ ಬಾಗಿಲು ಮುಚ್ಚಿದ ಕಾರು ಅಥವಾ ಟೆಂಪೊ ಸುರಕ್ಷಿತ. ಮೊಬೈಲ್ ಸಿಡಿಲನ್ನು ಸೆಳೆಯುತ್ತದೆಂಬುದು ತಪ್ಪು ತಿಳಿವಳಿಕೆ. ಆರಿಸಿ ಇಡಬೇಡಿ, ಎಚ್ಚರಿಕೆ ಬರುವುದೇ ಅದಕ್ಕೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಇರುವ ಜಾಗದ ಸುತ್ತ 20 ಮತ್ತು 40 ಕಿ.ಮೀ. ವ್ಯಾಪ್ತಿಯ ಸಿಡಿಲನ್ನು ತೋರಿಸುತ್ತದೆ. ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್ ಕೂಡ ಇದೆ. ಮೊಬೈಲನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಸಹಿತ ಗಂಟು ಕಟ್ಟಿಟ್ಟರೆ ನೀರಿಗೆ ಬಿದ್ದರೂ ತೇಲುತ್ತದೆ.

ಸಿಡಿಲು ಹೊಡೆದವನನ್ನು ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಉಸಿರಾಟ ನಿಂತಿದ್ದರೆ ತಕ್ಷಣ ಎದೆಯ ನಡುವೆ ಐದು ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ನೀರಿನಲ್ಲಿ ಮುಳುಗಿದವನಿಗೆ ಮೊದಲು ಬೇಕಾದದ್ದು ಬಾಯಿಗೆ ಬಾಯಿಟ್ಟು ಕೊಡುವ ಉಸಿರು, ನಂತರ 30 ಒತ್ತಿಗೆ ಎರಡು ಉಸಿರಿನಂತೆ ನಿಲ್ಲಿಸದೆ ಮುಂದುವರಿಸಬೇಕು. ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ಇಂದಿಗೂ ದಡಗಳಲ್ಲಿ ನಡೆಯುತ್ತಿದೆ. ಅದರಿಂದ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಉಸಿರು ಕೊಡಬೇಕಾದ ಅಮೂಲ್ಯ ನಿಮಿಷಗಳೂ ಹೋಗುತ್ತವೆ.

ಜಡಿಮಳೆಯ ಮರುದಿನ ಕೆರೆಗಳಲ್ಲಿ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುವುದಕ್ಕೆ ‘ಸಿಡಿಲಿನ ವಿಷ’ ಎಂದು ಹೇಳುವುದುಂಟು. ವಿಷವಲ್ಲ, ಉಸಿರಿನ ಕೊರತೆ. ಎರಡು ದಿನ ಮೋಡ ಮುಚ್ಚಿದರೆ ನೀರಿನ ಹಸಿರು ಪಾಚಿ ಸಾಕಷ್ಟು ಆಮ್ಲಜನಕ ಉತ್ಪಾದಿಸುವುದಿಲ್ಲ, ರಾತ್ರಿಯಿಡೀ ಬಳಸುತ್ತದೆ. ಬಿರುಗಾಳಿ ತಳದ ಕೊಳೆತ ನೀರನ್ನು ಮೇಲಕ್ಕೆ ಕಲಸುತ್ತದೆ. ಸೂರ್ಯೋದಯಕ್ಕೆ ಮುಂಚೆ ಆಮ್ಲಜನಕ ತೀರ ಕೆಳಗಿರುತ್ತದೆ. ಕೆರೆ ಗುತ್ತಿಗೆ ಹಿಡಿದವರು ಅಂಥ ದಿನ ಆಹಾರ ಹಾಕಬಾರದು, ಬಲೆ ಎಳೆಯಬಾರದು, ಪಂಪಿನಿಂದ ನೀರನ್ನು ಎತ್ತಿ ಅದೇ ಕೆರೆಗೆ ತುಂತುರಾಗಿ ಬೀಳಿಸಬೇಕು.

ಇಷ್ಟೆಲ್ಲ ಮಾಡಿಯೂ ಬಲೆ ಹೋಗಬಹುದು. ಆಗ ಸರ್ಕಾರ ಜೊತೆಗಿರಬೇಕು. ರಾಜ್ಯ ವಿಪತ್ತು ಸ್ಪಂದನ ನಿಧಿಗೆ ಕೇಂದ್ರ 2022ರಲ್ಲಿ ನಿಗದಿಪಡಿಸಿದ ಮಾನದಂಡದಂತೆ ಪೂರ್ತಿ ಹಾಳಾದ ಬಲೆಗೆ 4,000 ರೂಪಾಯಿ, ಭಾಗಶಃ ಹಾಳಾದದ್ದಕ್ಕೆ 3,000, ಪೂರ್ತಿ ಹಾಳಾದ ದೋಣಿಗೆ 15,000 ರೂಪಾಯಿ ನೆರವು ನಿಗದಿಯಾಗಿತ್ತು. ಹರಿಗೋಲನ್ನೂ ತೆಪ್ಪವನ್ನೂ ದೋಣಿಯೆಂದೇ ಎಣಿಸಿ ಈ ನೆರವು ಹಿನ್ನೀರಿನವರೆಗೂ ತಲುಪಬೇಕು. ಗುಡುಗು ಮಳೆಯ ಗಾಳಿಗೆ ಒಂದೇ ದಡದ ಐದಾರು ಮನೆಗಳ ಬಲೆ ಹೋದರೂ ಪಂಚನಾಮೆ ನಡೆಯಬೇಕು. ಬಲೆ ಹೋದರೆ ಕೇಳುವವರಿದ್ದಾರೆ ಎಂಬ ಭರವಸೆಯಿದ್ದರೆ ಮೋಡ ಕಂಡ ಮೇಲೂ ನೀರಿಗಿಳಿಯುವವರ ಸಂಖ್ಯೆ ಕಡಿಮೆಯಾಗುತ್ತದೆ. ಪ್ರಧಾನಮಂತ್ರಿ ಮತ್ಸ್ಯಸಂಪದ ಯೋಜನೆಯ ಅಪಘಾತ ವಿಮೆಯಲ್ಲಿ ಸಾವಿಗೆ 5 ಲಕ್ಷ ರೂಪಾಯಿ ಇದೆ. ಒಳನಾಡಿನ ಮೀನುಗಾರರೂ ಅದರ ವ್ಯಾಪ್ತಿಗೆ ಬರುತ್ತಾರೆ. ಹೆಸರು ಸೇರಿಸಿಕೊಂಡಿರಬೇಕು, ಅಷ್ಟೇ. ದಸರೆಗೆ ಮೊದಲು ಪ್ರತಿ ದಡಕ್ಕೂ ಬಂದು ನೋಂದಣಿ ಮಾಡಿಕೊಂಡರೆ ಆ ಕೆಲಸ ಮುಗಿಯುತ್ತದೆ.

ಮಲ್ಪೆ, ಮಂಗಳೂರಿನ ಮೀನುಗಾರರಿಗೆ ಗಾಳಿ ಜೋರಾಗುವ ಮೊದಲೇ ‘ಕಡಲಿಗಿಳಿಯಬೇಡಿ’ ಎಂಬ ಎಚ್ಚರಿಕೆ ತಲುಪುತ್ತದೆ. ಕೃಷ್ಣರಾಜಸಾಗರ, ಕಬಿನಿ, ತುಂಗಭದ್ರಾ, ಆಲಮಟ್ಟಿಯ ಹಿನ್ನೀರಿಗೂ ಅಂಥದ್ದೊಂದು ಬೇಕು. ಹವಾಮಾನ ಇಲಾಖೆ ಮುಂದಿನ ಮೂರು ಗಂಟೆಯ ಗುಡುಗು-ಗಾಳಿಯ ಮುನ್ಸೂಚನೆಯನ್ನು ಜಿಲ್ಲಾವಾರು ಕೊಡುತ್ತಲೇ ಇದೆ. ಅದು ಮೀನು ಇಳಿಸುವ ದಡಕ್ಕೆ ಬಂದು ಮುಟ್ಟಬೇಕು. ದಡದಲ್ಲೊಂದು ಧ್ವಜಕಂಬ, ಪಂಚಾಯಿತಿಯ ಧ್ವನಿವರ್ಧಕದಲ್ಲಿ ಮಧ್ಯಾಹ್ನ ಎರಡಕ್ಕೊಮ್ಮೆ ನಾಲ್ಕಕ್ಕೊಮ್ಮೆ ಘೋಷಣೆ, ಇಷ್ಟಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಅಣೆಕಟ್ಟೆಯ ಕೆಳಗೆ ಹೊಳೆಯಲ್ಲಿ ಬಲೆ ಬಿಡುವವರಿಗೆ ಗೇಟು ತೆರೆಯುವ ಮಾಹಿತಿಯೂ ಅದೇ ಧ್ವನಿವರ್ಧಕದಲ್ಲಿ, ಕತ್ತಲಾಗುವ ಮೊದಲೇ ಸಿಗಲಿ.

ಕೊನೆಯದಾಗಿ ನಿಮ್ಮಲ್ಲಿ ಒಂದು ಕೋರಿಕೆ. ಜಲಾಶಯಗಳ ನೀರಿನ ಮಟ್ಟ, ಒಳಹರಿವು, ಹೊರಹರಿವಿನ ಪಟ್ಟಿಯನ್ನು ನೀವು ನಿತ್ಯ ಪ್ರಕಟಿಸುತ್ತೀರಿ. ರೈತರು ಮೊದಲು ತಿರುವುವುದು ಆ ಪುಟವನ್ನೇ. ಅಕ್ಟೋಬರ್ 15ರಿಂದ ಡಿಸೆಂಬರ್ 15ರವರೆಗೆ ಅದೇ ಪಟ್ಟಿಯಲ್ಲಿ, ಪ್ರತಿ ಜಲಾಶಯದ ಹೆಸರಿನ ಮುಂದೆ ಎರಡೇ ಎರಡು ಅಂಕಣ ಸೇರಿಸಿಕೊಡಿ: ಇಂದು ಗಾಳಿಯ ಗರಿಷ್ಠ ವೇಗ ಎಷ್ಟಿರಬಹುದು, ಸಿಡಿಲಿನ ಸಾಧ್ಯತೆ ಇದೆಯೋ ಇಲ್ಲವೋ. ಗಾಳಿ 30 ಕಿ.ಮೀ. ದಾಟುವಂತಿದ್ದರೆ ಆ ಸಾಲನ್ನು ದಪ್ಪಕ್ಷರದಲ್ಲಿ ಹಾಕಿ. ಬೆಳಗ್ಗೆ ಮೀನು ತೂಗುವ ಹೊತ್ತಿಗೆ ದಡದ ಚಹಾ ಅಂಗಡಿಗೆ ಪತ್ರಿಕೆ ಬಂದಿರುತ್ತದೆ. ಸಂಜೆ ಬಲೆಯನ್ನು ತೇಲಿಸಿ ಬಿಡಬೇಕೋ ಮುಳುಗಿಸಿ ಬಿಡಬೇಕೋ ಎಂದು ತೀರ್ಮಾನಿಸುವುದೂ, ಹೆಚ್ಚುವರಿ ಗುಂಡು ಕಟ್ಟಿಕೊಳ್ಳಲು ಕೂರುವುದೂ ಅದೇ ಹೊತ್ತಿಗೆ.

ಇಂತಿ,
ತುಂಗಭದ್ರಾ ಹಿನ್ನೀರಿನ ದಡದ ಓದುಗರು